ಎರಡು ಕ್ಯೂಬ್‌ನಲ್ಲಿ ತಿಂಗಳ ಎಲ್ಲ ತಾರೀಕು ಬರುತ್ತಾ?

ಬಸವನಗುಡಿ ಅಮ್ಮ:
ಮಗಳ ಮೇಜಿಗೆ ಕ್ಯಾಲೆಂಡರ್ ಮಾಡುತ್ತಿದ್ದೇನೆ. ಗಾಂಧಿ ಬಜಾರಿನಿಂದ ಎರಡು ಮರದ ಕ್ಯೂಬ್ ತಂದೆ. 01ರಿಂದ 31ರವರೆಗೆ ಜೋಡಿಸಬೇಕು. ಎರಡು ಸಂಜೆ ಪೆನ್ಸಿಲ್‌ನಲ್ಲಿ ಬರೆದು, ಅಳಿಸಿ, ಮರವೆಲ್ಲ ಕಪ್ಪಾಗಿದೆ. 11, 22 ಬರಬೇಕಲ್ಲ, ಅದಕ್ಕೆ 1 ಮತ್ತು 2 ಎರಡರಲ್ಲೂ ಹಾಕಿದೆ. ಉಳಿದ ಎಂಟು ಮುಖಕ್ಕೆ ಎಂಟು ಅಂಕಿ, ಲೆಕ್ಕ ಸರಿಹೋಯಿತು ಅಂದುಕೊಂಡೆ. ಆದರೆ 0, 7 ಒಂದೇ ಕ್ಯೂಬಿನಲ್ಲಿ ಕೂತಿವೆ. 07 ಮಾಡೋದು ಹೇಗೆ?

ಮಲ್ಲೇಶ್ವರದ ಮೇಷ್ಟ್ರು:
0 ಕೂಡ ಎರಡರಲ್ಲೂ ಬೇಕಮ್ಮ. 01ರಿಂದ 09ರವರೆಗೆ 0 ಜೊತೆ ಒಂಬತ್ತು ಅಂಕಿ ಕೂರಬೇಕು. ಒಂದು ಕ್ಯೂಬಿಗೆ ಆರೇ ಮುಖ ಅಲ್ವಾ?

ಬಸವನಗುಡಿ ಅಮ್ಮ:
ಸರ್, ಆಗ ಉಳಿಯುವುದು ಆರು ಮುಖ. 3ರಿಂದ 9ರವರೆಗೆ ಏಳು ಅಂಕಿ ಇವೆಯಲ್ಲ!

ವಿಜಯನಗರ ಹುಡುಗ:
ಅಕ್ಕಾ, 6 ಬರೆದ ಕ್ಯೂಬನ್ನು ತಲೆಕೆಳಗು ಮಾಡಿ ನೋಡಿ. 6 ಮತ್ತು 9 ಒಂದೇ ತಾರೀಕಿನಲ್ಲಿ ಯಾವತ್ತೂ ಒಟ್ಟಿಗೆ ಬರುವುದಿಲ್ಲ. ಅಂಕಿಯ ಕೆಳಗೆ ಗೆರೆ ಮಾತ್ರ ಎಳೆಯಬೇಡಿ.

ಬಸವನಗುಡಿ ಅಮ್ಮ:
ಬಂತು! ಒಂದರಲ್ಲಿ 0, 1, 2, 3, 4, 5. ಇನ್ನೊಂದರಲ್ಲಿ 0, 1, 2, 6, 7, 8. ಮಗಳು ಆಗಲೇ 26ನ್ನು 29 ಮಾಡಿ, ಮತ್ತೆ 26 ಮಾಡಿ ನೋಡುತ್ತಿದ್ದಾಳೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.