ಎಕ್ಸ್‌ಎಂಎಲ್ ಒಳಗೆ ಧ್ವನಿ, ಚಿತ್ರ ತುಂಬಿಸಿದವರು ನಿಮ್ಮ ಅನುಭವ ಹೇಳಿ

ಕೇಳಿದವರು, ಬದಿಯಡ್ಕ: ನಮ್ಮ ಊರಿನ ಹಳೆಯ ತಾಳಮದ್ದಳೆಗಳ ಧ್ವನಿಮುದ್ರಣವನ್ನೂ ಕೈಬರಹದ ಪ್ರಸಂಗಗಳ ಸ್ಕ್ಯಾನ್‌ಗಳನ್ನೂ ಒಂದು ಸಂಗ್ರಹಾಲಯಕ್ಕೆ ಒಪ್ಪಿಸಬೇಕಾಗಿದೆ. ಪ್ರತಿ ಕೂಟಕ್ಕೆ ಒಂದೇ ಎಕ್ಸ್‌ಎಂಎಲ್ ಕಡತ, ಅಂದರೆ ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಇಟ್ಟು ಬರೆಯುವ ಪಠ್ಯ ಕಡತ. ಭಾಗವತರು, ಅರ್ಥಧಾರಿಗಳು, ಸ್ಥಳ ಇವುಗಳ ವಿವರದ ಜೊತೆ ಧ್ವನಿಯೂ ಪುಟಗಳೂ ಅದರೊಳಗೇ ಇರಬೇಕೆಂಬುದು ಅವರ ಷರತ್ತು. ನನ್ನ ಜಾವಾ ಪ್ರೋಗ್ರಾಂ ಎರಡು ಗಂಟೆಯ ವೇವ್ (ಕುಗ್ಗಿಸದ ಧ್ವನಿ) ಕಡತ ಬಂದೊಡನೆ ಮೆಮೊರಿ ಸಾಲದೆ ನಿಂತುಬಿಡುತ್ತದೆ. ಮಾಡಿ ನೋಡಿದವರು ದಾರಿ ಹೇಳಿ.

ಮಂಜೇಶ್ವರದಿಂದ: ಸಿ.ಡಿ. ಗುಣಮಟ್ಟದ ಎರಡು ಗಂಟೆಯ ಸ್ಟೀರಿಯೊ ವೇವ್ ಎಂದರೆ ಸುಮಾರು 1.27 ಜಿಬಿ. ಎಕ್ಸ್‌ಎಂಎಲ್ ಒಳಗೆ ಕಚ್ಚಾ ಬೈಟ್ ಹಾಕಲಾಗದು, ಅವನ್ನು ಸಾದಾ ಅಕ್ಷರಗಳಾಗಿ ಬರೆಯುವ ಬೇಸ್64 ಪದ್ಧತಿ ಬೇಕು. ಅದರಲ್ಲಿ ಮೂರು ಬೈಟ್‌ಗೆ ನಾಲ್ಕು ಅಕ್ಷರ, ಅಲ್ಲಿಗೆ 1.69 ಜಿಬಿ. ಜಾವಾ 8ರ ಸ್ಟ್ರಿಂಗ್‌ನಲ್ಲಿ ಪ್ರತಿ ಅಕ್ಷರಕ್ಕೂ ಎರಡು ಬೈಟ್, ಒಟ್ಟು 3.4 ಜಿಬಿ. ನಿಲ್ಲದೆ ಇನ್ನೇನಾದೀತು ಮಾರಾಯರೇ? ತುಂಡು ತುಂಡಾಗಿ ಬರೆಯಬೇಕು. ಅದರಲ್ಲಿಯೂ ನಾವು ಅನುಭವಿಸಿದ್ದು ಕೇಳಿ.

ನಮ್ಮ ಸಂಘದ ಸಾಲಪತ್ರಗಳ ಸ್ಕ್ಯಾನ್‌ಗಳನ್ನು ಎಕ್ಸ್‌ಎಂಎಲ್‌ಗೆ ಹಾಕುವ ಕೆಲಸವನ್ನು ಹೊರಗಿನ ಗುತ್ತಿಗೆದಾರರಿಗೆ ಕೊಟ್ಟಿದ್ದರು. ಅವರು 8192 ಬೈಟ್‌ಗಳಂತೆ ಓದಿ, ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ಬೇಸ್64 ಮಾಡಿದರು. 8192ನ್ನು ಮೂರರಿಂದ ಭಾಗಿಸಿದರೆ ಎರಡು ಉಳಿಯುತ್ತದೆ. ಹಾಗಾಗಿ ಪ್ರತಿ ತುಂಡಿನ ಕೊನೆಗೂ ಮೂರು ತುಂಬದಿದ್ದುದರ ಗುರುತಾಗಿ ಒಂದು ಸಮಚಿಹ್ನೆ (=) ಬಂದು ಕುಳಿತಿತು. ಲೆಕ್ಕಪರಿಶೋಧಕರ ಸಾಫ್ಟ್‌ವೇರ್ ಮೊದಲ ಸಮಚಿಹ್ನೆಯಲ್ಲೇ ಓದುವುದನ್ನು ನಿಲ್ಲಿಸುತ್ತಿತ್ತು. ಪತ್ರದ ತಲೆಬರಹ ಕಾಣುತ್ತಿತ್ತು, ಸಹಿ ಕಾಣುತ್ತಿರಲಿಲ್ಲ. ದೂರು ಕೊಟ್ಟ ಮೇಲೆ 8190 ಎಂದು ಬದಲಿಸಿ ಮತ್ತೊಮ್ಮೆ ಬಿಲ್ ಕಳುಹಿಸಿದರು. ಆದರೆ ಜಾಲದಿಂದ ಓದುವಾಗ ಕೇಳಿದಷ್ಟು ಬೈಟ್ ಒಮ್ಮೆಲೇ ಬರುತ್ತದೆಂಬ ಖಾತರಿ ಇಲ್ಲ. ಅದೇ ರೋಗ ಮರುಕಳಿಸಿತು. ಕೊನೆಗೆ ನಾನೇ ಕುಳಿತು ಬರೆದೆ. ಮಿಕ್ಕ ಒಂದೆರಡು ಬೈಟ್‌ಗಳನ್ನು ಹಿಡಿದಿಟ್ಟುಕೊಂಡು ಮುಂದಿನ ತುಂಡಿಗೆ ಸೇರಿಸಬೇಕು, ಕೆಲಸವಿರುವುದು ಅಷ್ಟೇ.

ಜಾವಾದ ಬೇಸ್64 ಎನ್‌ಕೋಡರ್‌ನ ರ‍್ಯಾಪ್ ಎಂಬ ಸೌಲಭ್ಯ ಅದನ್ನು ತಾನೇ ಮಾಡುತ್ತದೆ. ಆದರೆ ಅದನ್ನು ಮುಚ್ಚಿದರೆ ಅಡಿಯ ಸ್ಟ್ರೀಮ್ (ಕಡತಕ್ಕೆ ಬೈಟ್ ಹರಿಸುವ ದಾರಿ) ಕೂಡ ಮುಚ್ಚಿಹೋಗುತ್ತದೆ, ಮುಚ್ಚದಿದ್ದರೆ ಕೊನೆಯ ಬೈಟ್‌ಗಳು ಹೊರಬರುವುದಿಲ್ಲ. ನಡುವೆ, ಮುಚ್ಚುವ ಆಜ್ಞೆಯನ್ನು ಕೆಳಗೆ ದಾಟಿಸದ ತೆಳುವಾದ ಪದರವೊಂದನ್ನು ಇಡಿ. ಅದಕ್ಕೂ ಮೊದಲು ಎಕ್ಸ್‌ಎಂಎಲ್ ರೈಟರ್‌ನಿಂದ ಖಾಲಿ ಪಠ್ಯ ಬರೆಸಿ ಫ್ಲಶ್ ಮಾಡಿ, ಅಂದರೆ ತಡೆದಿಟ್ಟದ್ದನ್ನೆಲ್ಲ ಕೆಳಕ್ಕೆ ದಾಟಿಸಿ. ಇಲ್ಲವಾದರೆ ಆರಂಭದ ಟ್ಯಾಗ್ ಮುಗಿಯುವ ಮೊದಲೇ ಧ್ವನಿ ಒಳಗೆ ನುಗ್ಗುತ್ತದೆ.

ಹೊಸೂರು: ಇಷ್ಟೆಲ್ಲ ಕಷ್ಟ ಏಕೆ? ಮೂರನೇ ಒಂದು ಭಾಗ ದಂಡ ತೆತ್ತು ಬೇಸ್64 ಮಾಡುವುದೇ ಹಳೆಯ ಪದ್ಧತಿ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ 2005ರಲ್ಲೇ ಎಂಟಾಮ್ ಮತ್ತು ಜಾಪ್ ಎಂಬ ಶಿಫಾರಸುಗಳನ್ನು ಕೊಟ್ಟಿದೆ. ಎಕ್ಸ್‌ಎಂಎಲ್‌ನಲ್ಲಿ ಒಂದು ಇನ್‌ಕ್ಲೂಡ್ ಗುರುತು ಮಾತ್ರ ಉಳಿಯುತ್ತದೆ. ಬೈಟ್‌ಗಳು ಮೈಮ್‌ನ (ಹಲವು ಭಾಗಗಳನ್ನು ಒಂದೇ ಸಂದೇಶವಾಗಿ ಕಟ್ಟುವ ಪದ್ಧತಿ) ಬೇರೊಂದು ಭಾಗದಲ್ಲಿ ಕಚ್ಚಾ ರೂಪದಲ್ಲೇ ಹೋಗುತ್ತವೆ. ನಮ್ಮ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆಯ ಚಿತ್ರಗಳನ್ನು ಗ್ರಾಹಕರಿಗೆ ಹೀಗೆಯೇ ಕಳುಹಿಸುವುದು. ಆ ವ್ಯವಸ್ಥೆಯನ್ನು ಕಟ್ಟಿದವನು ನಾನು. ಮೇಲಿನವರು ಯಾರೂ ಒಪ್ಪಿರಲಿಲ್ಲ. ಈಗ ಅವರೇ ಬಂದವರಿಗೆಲ್ಲ ತೋರಿಸುತ್ತಾರೆ.

ಮಂಜೇಶ್ವರದಿಂದ: ಸ್ವಾಮಿ, ಅವರು ಕೇಳಿದ್ದು ಒಂದೇ ಕಡತ. ಎಂಟಾಮ್ ಇರುವುದು ಸೋಪ್ ಸಂದೇಶ, ಅಂದರೆ ಕಂಪ್ಯೂಟರ್‌ಗಳು ಪರಸ್ಪರ ಕಳುಹಿಸುವ ಎಕ್ಸ್‌ಎಂಎಲ್ ಸಂದೇಶ, ಕಳುಹಿಸುವವರಿಗೆ. ಕಪಾಟಿನಲ್ಲಿ ದಶಕಗಳ ಕಾಲ ಇಡುವ ಕಡತವನ್ನು ಮೈಮ್ ಪೊಟ್ಟಣ ಮಾಡಿ ಇಟ್ಟರೆ ನಾಳೆ ಬಿಚ್ಚುವವರು ಯಾರು? ನಿಮ್ಮ ಚಿತ್ರಗಳಿಗೆ ಡಿಜಿಟಲ್ ಸಹಿ ಇದೆಯೇ, ಅದನ್ನು ಹೇಳಿ.

ಹೊಸೂರು: ಇದೆ. ಸಹಿಯ ಲೆಕ್ಕ ಹಾಕುವಾಗ ಬೇಸ್64 ರೂಪಕ್ಕೇ ತರಬೇಕು, ಪ್ರೊಸೆಸರ್‌ನ ಕೆಲಸ ಉಳಿಯುವುದಿಲ್ಲ, ಒಪ್ಪುತ್ತೇನೆ. ಆದರೂ ತಂತಿಯ ಮೇಲೆ ಗಾತ್ರ ಉಳಿಯುತ್ತದಲ್ಲ! ಒಂದು ಸಂಘದ ಸಾಲಪತ್ರ ನೋಡಿ ಎಲ್ಲರಿಗೂ ತೀರ್ಪು ಕೊಡಬೇಡಿ.

ಸೊಲ್ಲಾಪುರ, ಜಕಾರ್ಡ್ ವಿನ್ಯಾಸ: ಅಣ್ಣಾವರೇ, ಇಬ್ಬರೂ ಮೂಲವನ್ನೇ ಬಿಟ್ಟಿರಿ. ನಮ್ಮದು ಚಾದರದ ವಿನ್ಯಾಸ, ಬಿಟ್‌ಮ್ಯಾಪ್. ಒಂದೇ ಹೂವು ನೂರಾರು ಸಲ ಮರಳಿ ಬರುತ್ತದೆ. ಮೊದಲು ಬೇಸ್64 ಮಾಡಿ ಆಮೇಲೆ ಇಡೀ ಎಕ್ಸ್‌ಎಂಎಲ್ ಅನ್ನು ಜಿಜಿಪ್‌ನಿಂದ ಕುಗ್ಗಿಸುವ ಪದ್ಧತಿ ನಮಗೆ ವಿನ್ಯಾಸ ಕೊಡುವವರದ್ದು. ಅದರಿಂದ ಕಡತ ಕುಗ್ಗಬೇಕಾದಷ್ಟು ಕುಗ್ಗುತ್ತಿರಲಿಲ್ಲ. ಏಕೆಂದರೆ ಅದೇ ಹೂವು ಮೂರರ ಗುಣಕದಷ್ಟು ದೂರದಲ್ಲಿ ಬಿದ್ದರೆ ಮಾತ್ರ ಬೇಸ್64ರಲ್ಲಿ ಅದೇ ಅಕ್ಷರಗಳಾಗುತ್ತದೆ. ಒಂದು ಬೈಟ್ ಸರಿದರೂ ಬೇರೆಯೇ ಸಾಲು. ಮೊದಲು ಕುಗ್ಗಿಸಿ, ಆಮೇಲೆ ಬೇಸ್64 ಮಾಡಿದಾಗ ಮಗ್ಗದವರು ಕಾಯುವುದು ತಪ್ಪಿತು. ಕಾಯುವ ಮಗ್ಗಕ್ಕೂ ಕೂಲಿ ಕೊಡಬೇಕು, ಆ ಹಣವನ್ನು ಯಾರು ಹಿಂದಕ್ಕೆ ಕೊಡುತ್ತಾರೆ? ಜೆಪೆಗ್ ಆದರೆ ಮಾತು ಬೇರೆ. ಅದು ಮೊದಲೇ ಕುಗ್ಗಿರುತ್ತದೆ. ಹೊರಗೆ ಜಿಜಿಪ್ ಮಾಡಿದರೆ ಬೇಸ್64ರ ಹೆಚ್ಚುವರಿ ಭಾರ ಬಹುಪಾಲು ಕರಗುತ್ತದೆ. ವೇವ್ ಅನ್ನು ಹಾಗೆಯೇ ಇಡುವುದಕ್ಕಿಂತ ಫ್ಲಾಕ್ ರೂಪಕ್ಕೆ ಕುಗ್ಗಿಸಿ, ಧ್ವನಿಯಲ್ಲಿ ಏನೂ ನಷ್ಟವಿಲ್ಲ.

ಆದೋನಿ: ಕಡತ ಯಾವ ಎನ್‌ಕೋಡಿಂಗ್‌ನಲ್ಲಿದೆ, ಅಂದರೆ ಅಕ್ಷರಗಳನ್ನು ಯಾವ ಕ್ರಮದಲ್ಲಿ ಬೈಟ್‌ಗಳಾಗಿಸಿದೆ ಎಂದು ಒಬ್ಬರೂ ಕೇಳಲಿಲ್ಲ. ಕನ್ನಡ ಅಕ್ಷರಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟ್, ಯುಟಿಎಫ್-16ರಲ್ಲಿ ಎರಡು. ಅದನ್ನೇ ನೋಡಿ ನಮ್ಮ ಕಚೇರಿಯ ಹಿರಿಯರೊಬ್ಬರು ಕನ್ನಡ, ತೆಲುಗು ದಾಖಲೆಗಳನ್ನೆಲ್ಲ ಯುಟಿಎಫ್-16ಕ್ಕೆ ಹಾಕಿಸಿದರು. ದಾಖಲೆಯಲ್ಲಿ ಪಠ್ಯ ಬೊಗಸೆಯಷ್ಟು, ಉಳಿದದ್ದು ನಕ್ಷೆಯ ಬೇಸ್64. ಅದರ ಪ್ರತಿ ಅಕ್ಷರವೂ ಎರಡು ಬೈಟ್ ಆಯಿತು. ಮೂರು ಬೈಟ್‌ನ ಜಾಗದಲ್ಲಿ ಎಂಟು! ಡಿಸ್ಕ್ ತುಂಬಿ ಹೊಸದನ್ನು ಕೊಂಡರು. ನಾನು ಲೆಕ್ಕ ಬರೆದುಕೊಟ್ಟಾಗ, ಕನ್ನಡಕ್ಕೆ ಅದೇ ಒಳ್ಳೆಯದು ಎಂದು ನನ್ನ ಬಾಯಿ ಮುಚ್ಚಿಸಿದರು.

ಮಂಜೇಶ್ವರದಿಂದ: ಯುಟಿಎಫ್-8 ಸರಿ. ಟ್ಯಾಗ್‌ಗಳು ಮಾತ್ರ ಕನ್ನಡದಲ್ಲೇ ಇರಲಿ, ಭಾಗವತ, ಅರ್ಥಧಾರಿ ಎಂದು. ಎಕ್ಸ್‌ಎಂಎಲ್ 1.0 ಅದಕ್ಕೆ 1998ರಿಂದಲೂ ಅವಕಾಶ ಕೊಟ್ಟಿದೆ.

ಹೊಸೂರು: ಈಗ ಅದು ಬೇರೆ. ಟ್ಯಾಗ್ ಕನ್ನಡದಲ್ಲಿದ್ದರೆ ನಾಳೆ ತಮಿಳುನಾಡಿನ ನನ್ನ ಸಹೋದ್ಯೋಗಿ ಹೇಗೆ ಓದುತ್ತಾನೆ?

ಮಂಜೇಶ್ವರದಿಂದ: ಕಾಸರಗೋಡಿನಲ್ಲಿ ಕುಳಿತು ಅರ್ಜಿ ನಮೂನೆ ಕನ್ನಡದಲ್ಲಿ ಕೊಡಿ ಎಂದು ಕೌಂಟರ್‌ನಿಂದ ಕೌಂಟರ್‌ಗೆ ಅಲೆಯುವವರು ನಾವು. ನಮ್ಮ ಕೈಯಾರೆ ಮಾಡುವ ಕಡತದಲ್ಲಿಯೂ ಅಂಜಿಕೊಂಡು ಬರೆಯಬೇಕೇ? ತಾಳಮದ್ದಳೆಯ ಅರ್ಥಧಾರಿಯನ್ನು ಇಂಗ್ಲಿಷ್‌ನಲ್ಲಿ ಏನೆಂದು ಕರೆಯುತ್ತೀರಿ?

ಹೊಸೂರು: ಹೊಸೂರಿನಲ್ಲಿ ಕನ್ನಡ ಉಳಿಸಿಕೊಂಡವರಿಗೆ ಪಾಠ ಹೇಳಬೇಡಿ.

ಆದೋನಿ: ಜಗಳ ಆಮೇಲೆ ಆಡಿ. ಬದಿಯಡ್ಕದವರೇ, ನೀವು ಬರೆದದ್ದನ್ನು ಅವರು ಯಾವುದರಿಂದ ಓದುತ್ತಾರೆ? ಲಿಬ್‌ಎಕ್ಸ್‌ಎಂಎಲ್2 ಎಂಬ ಓದುವ ಲೈಬ್ರರಿ ಆದರೆ ಒಂದು ಪಠ್ಯ ನೋಡ್‌ಗೆ (ಒಂದು ಟ್ಯಾಗ್ ಒಳಗಿನ ಪಠ್ಯಕ್ಕೆ) ಒಂದು ಕೋಟಿ ಬೈಟ್‌ಗಳ ಮಿತಿ ಇದೆ. ಬೇಸ್64ರಲ್ಲಿ ಅದು ಏಳೂವರೆ ಎಂಬಿ ಧ್ವನಿಗೆ ಮುಗಿಯುತ್ತದೆ. ಹ್ಯೂಜ್ ಆಯ್ಕೆ ಹಾಕಿದರೆ ಮಾತ್ರ ಮುಂದೆ ಹೋಗುತ್ತದೆ. ನಮ್ಮ ನಕ್ಷೆಗಳು ತಿರಸ್ಕೃತವಾಗಿ ಬಂದದ್ದು ಇದೇ ಕಾರಣಕ್ಕೆ, ಅದೂ ಬರೆದುಕೊಟ್ಟವರ ಬಿಲ್ ಪಾವತಿಯಾದ ಮೇಲೆ.

ಕೇಳಿದವರು, ಬದಿಯಡ್ಕ: ಅವರದು ಪೈಥಾನ್, ಎಲ್‌ಎಕ್ಸ್‌ಎಂಎಲ್. ಅದರ ಅಡಿಯಲ್ಲಿರುವುದು ಅದೇ ಲಿಬ್‌ಎಕ್ಸ್‌ಎಂಎಲ್2. ಹ್ಯೂಜ್ ಟ್ರೀ ಹಾಕಿದ್ದಾರೆಯೇ ಎಂದು ನಾಳೆ ಕೇಳಿ ಹೇಳುತ್ತೇನೆ. ಧ್ವನಿಯನ್ನು ಫ್ಲಾಕ್ ಮಾಡಲು ಈಗಲೇ ಹಾಕಿದೆ.

ಹೊಸೂರು: ಎಂಟಾಮ್ ಆಗಿದ್ದರೆ ಈ ಮಿತಿಯ ಮಾತೇ ಬರುತ್ತಿರಲಿಲ್ಲ.