ಹಳೇ ಕಂಪ್ಯೂಟರ್‌ಗೆ ವಿಂಡೋಸ್ 11 ಪ್ರಿವ್ಯೂ ಹಾಕಿದವರು ಇದ್ದೀರಾ?

ಬ್ರಹ್ಮಾವರದವ: ಇಂಟೆಲ್ ಐ5-6400 ಪ್ರೊಸೆಸರ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಉಂಟು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, 11ರ ಇನ್‌ಸೈಡರ್ ಪ್ರಿವ್ಯೂ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ, ಹಾಕುವ ಅಂತ ಆಲೋಚನೆ. ಹಾಕಿದವರು ಅನುಭವ ಹೇಳಿ.

ಕಡಲತಡಿ, ಉರ್ವ: ನನ್ನದು ಐ5-7400. 11ಕ್ಕೆ ಆಗುವ ಇಂಟೆಲ್ ಪ್ರೊಸೆಸರ್‌ಗಳ ಪಟ್ಟಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಶುರು, ನಾನು ಒಂದೇ ಮೆಟ್ಟಿಲು ಕೆಳಗೆ! 2021ರಲ್ಲಿ 11ಕ್ಕೆ ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು ಅಂದದ್ದೇ ತಡ, ಚಿಪ್‌ಗಳ ಬೆಲೆ ಏರಿತು. 2,650 ಕೊಟ್ಟು ತರಿಸಿದೆ. ಬಂದದ್ದು 20 ಪಿನ್ನಿನದ್ದು, ನಾನು ಹೇಳಿದ್ದು 14. ವಾಪಸ್ ಕೊರಿಯರ್‌ಗೆ 180 ನನ್ನ ಕೈಯಿಂದ. ಮಾರಿದವ ಮತ್ತೆ 400 ಹಿಡಿದುಕೊಂಡ. ಯಾವುದೋ ಶುಲ್ಕ ಅಂತೆ!

ಹಳೇ ಡಬ್ಬಾ: 7ನೇ ತಲೆಮಾರಿಗೆ ಚಿಪ್ ಎಂತಕ್ಕೆ ಮಾರಾಯ್ರೇ? ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ಪಿಟಿಟಿ ಅನ್ನುವ ಇಂಟೆಲ್‌ನ ಒಳಗಿನ ಸೌಲಭ್ಯ ಆನ್ ಮಾಡಿದರೆ ಅದೇ ಟಿಪಿಎಂ 2.0. ನನ್ನ 6200ಯು ಲ್ಯಾಪ್‌ಟಾಪ್‌ನಲ್ಲಿ ಹಾಗೇ ಮಾಡಿದೆ. ಪ್ರೊಸೆಸರ್ ಪಟ್ಟಿಯಲ್ಲಿಲ್ಲದ್ದಕ್ಕೆ ರೂಫಸ್ ಅನ್ನುವ ತಂತ್ರಾಂಶದಲ್ಲಿ ವಿಂಡೋಸ್ ಹಾಕುವ ಪೆನ್‌ಡ್ರೈವ್ ಮಾಡುವಾಗ ತಪಾಸಣೆ ತೆಗೆಯುವ ಟಿಕ್ ಹಾಕಿದೆ. ಖರ್ಚು ಸೊನ್ನೆ.

ಕಡಲತಡಿ, ಉರ್ವ: ನನ್ನ ಮದರ್‌ಬೋರ್ಡ್‌ನ ಬಯೋಸ್‌ನಲ್ಲಿ ಆ ಆಯ್ಕೆಯೇ ಇರಲಿಲ್ಲ. ಬಯೋಸ್ ಅಪ್‌ಡೇಟ್ ಮಾಡಿ ಅನ್ನುವುದು ಸುಲಭ. ಮಳೆಗಾಲದಲ್ಲಿ ಮಧ್ಯೆ ಕರೆಂಟ್ ಹೋದರೆ ಬೋರ್ಡೇ ಹೋಯಿತು. ಅದಕ್ಕಾಗಿ ಯುಪಿಎಸ್‌ಗೆ ಹೊಸ ಬ್ಯಾಟರಿ, 1,050. ನೀವು ಕೊಡ್ತೀರಾ?

ಬಿಜೈ: ಇಬ್ಬರೂ ಭಾಗ್ಯವಂತರು. ನನ್ನದು ಇನ್ನೂ ಹಳೇ ಕೋರ್ 2 ಡ್ಯುಯೋ. ಹೇಗೋ 11ರ 23ಎಚ್2 ಆವೃತ್ತಿವರೆಗೆ ಓಡಿಸಿದೆ. ಅದರ ಮುಂದಿನ 24ಎಚ್2ಗೆ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ 4.2, ಪಾಪ್‌ಕೌಂಟ್ ಅನ್ನುವ ಸೂಚನೆಗಳು (ಇನ್‌ಸ್ಟ್ರಕ್ಷನ್) ಬೇಕು. ಇಲ್ಲದಿದ್ದರೆ ಬೂಟೇ ಆಗುವುದಿಲ್ಲ. ಇದಕ್ಕೆ ರೂಫಸ್ಸೂ ನಡೆಯುವುದಿಲ್ಲ, ವಿಂಡೋಸಿನ ರಿಜಿಸ್ಟ್ರಿ ಸೆಟ್ಟಿಂಗ್ ತಿದ್ದಿದರೂ ನಡೆಯುವುದಿಲ್ಲ. ಅದಕ್ಕಿಂತ ಮುಂಚೆಯೇ ಡಿಡಿಆರ್2 ರ‍್ಯಾಮ್‌ಗೆ 900 ಹಾಕಿ ಆಗಿತ್ತು. ಈಗ ವಿಂಡೋಸ್ ಬದಲು ಲಿನಕ್ಸ್ ಮಿಂಟ್, ಆರಾಮ.

ಡಿಟಿಪಿ ಅಕ್ಕ, ಕುಂಜಿಬೆಟ್ಟು: ಕೆಲಸದ ಮಿಷನ್‌ಗೆ ಪ್ರಿವ್ಯೂ ಹಾಕಲೇಬೇಡಿ. ನನ್ನ ತಮ್ಮ ಸುಮ್ನೆ ಪ್ರಿವ್ಯೂನ ಡೆವ್ ಚಾನೆಲ್‌ಗೆ ಸೇರಿಸಿಟ್ಟ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತು, ಆಟದ ಕರಪತ್ರ ಇವತ್ತೇ ಬೇಕು ಅಂತ ಫೋನ್ ಮೇಲೆ ಫೋನ್. ಹಳೇ ಲೇಸರ್ ಪ್ರಿಂಟರ್‌ನ ಡ್ರೈವರ್ ಕೂರುವುದೇ ಇಲ್ಲ! ವಿಂಡೋಸ್ 10ಕ್ಕೆ ಹಿಂದೆ ಹೋಗುವ ಅಂದರೆ ಅದಕ್ಕಿರುವ 10 ದಿನದ ಗಡುವು ದಾಟಿತ್ತು. ಎಲ್ಲ ಅಳಿಸಿ ಮೊದಲಿನಿಂದ ಹಾಕಬೇಕಾಯಿತು. ಹೊರಗಡೆ ಪ್ರಿಂಟ್ ಹಾಕಿಸಿದ್ದಕ್ಕೆ 3,200, ಮತ್ತೆ ಕನ್ನಡ ಟೈಪಿಂಗಿನ ನುಡಿ, ಫಾಂಟು, ಪುಟ ವಿನ್ಯಾಸದ ಪೇಜ್‌ಮೇಕರ್ ಎಲ್ಲ ಕೂರಿಸಿದವನಿಗೆ 700. ಒಂದು ಮೇಳದವರು ಈಗ ಬೇರೆ ಕಡೆ ಹೋಗುತ್ತಾರೆ. ನಾನು 10ರಲ್ಲೇ ಇದ್ದೇನೆ, ಬೆಂಬಲ ಮುಗಿದ ಮೇಲೂ ಭದ್ರತಾ ಅಪ್‌ಡೇಟ್ ಕೊಡುವ ಇಎಸ್‌ಯು ಯೋಜನೆಗೆ ಸೇರಿಕೊಂಡು.

ಹಳೇ ಡಬ್ಬಾ: ಇನ್ನೂ ಪೇಜ್‌ಮೇಕರ್! ಯುನಿಕೋಡ್ ಬಂದು ಎಷ್ಟು ಕಾಲ ಆಯ್ತು ಅಕ್ಕ?

ಡಿಟಿಪಿ ಅಕ್ಕ, ಕುಂಜಿಬೆಟ್ಟು: ಗಿರಾಕಿ ಹಳೇ ಫೈಲ್ ತರುತ್ತಾರೆ, ಆಸ್ಕಿಯಲ್ಲಿ, ಅಂದರೆ ಯುನಿಕೋಡ್‌ಗೆ ಮುಂಚಿನ ಫಾಂಟಿನ ಅಕ್ಷರಗಳಲ್ಲಿ. ಯುನಿಕೋಡ್‌ಗೆ ಬದಲಾಯಿಸಿದರೆ ಒತ್ತಕ್ಷರ ಒಂದೊಂದು ಕಡೆ ಹಾರುತ್ತದೆ. ಭಾಗವತರ ಹೆಸರಲ್ಲಿ ಒತ್ತು ತಪ್ಪಿದರೆ ಬೈಗುಳ ನಿಮಗಾ, ನನಗಾ?

ಬಿಜೈ: ಮಿಂಟ್‌ನಲ್ಲಿ ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಉಂಟು, ಪುಕ್ಕಟೆ.

ಡಿಟಿಪಿ ಅಕ್ಕ, ಕುಂಜಿಬೆಟ್ಟು: ನೀವೇ ಬಂದು ಒಂದು ಕರಪತ್ರ ಮಾಡಿ ತೋರಿಸಿ. ಪ್ರೂಫ್ ನಾನು ನೋಡುತ್ತೇನೆ.