ಎಸ್90ವಿ ಚಾಕು: 6000ದ ಕಲ್ಲಿಗೆ ಹೋದ್ಮೇಲೆ ಇನ್ನೂ ಮೊಂಡಾಗ್ತಿದೆ, ಯಾಕೆ?

ಮೊಂಡುಬಾಯಿ:
ಎರಡು ಚಾಕು ಇವೆ. ಒಂದು ಎಸ್90ವಿ ಸ್ಟೀಲಿನ ಮಡಚುವ ಚಾಕು. ಅಲುಗಿನ ಅಗಲ 25 ಮಿ.ಮೀ., ಬೆನ್ನು 3.5 ಮಿ.ಮೀ. ದಪ್ಪ. ಇನ್ನೊಂದು ಹಳೇ ಪವರ್ ಹ್ಯಾಕ್ಸಾ ಬ್ಲೇಡಿನಿಂದ ಮಾಡಿಸಿದ ತರಕಾರಿ ಚಾಕು. ಕಲ್ಲು: ಒಂದು ಮೈ 1000, ಇನ್ನೊಂದು ಮೈ 6000 ಗ್ರಿಟ್ (ಸಂಖ್ಯೆ ಹೆಚ್ಚಾದಷ್ಟೂ ಕಣ ಸಣ್ಣ) ಇರೋ ಬಿಳಿ ವಾಟರ್‌ಸ್ಟೋನ್ (ಅಲ್ಯುಮಿನಿಯಂ ಆಕ್ಸೈಡ್), ಜೊತೆಗೆ ಹಾರ್ಡ್‌ವೇರ್ ಅಂಗಡಿಯ ಎರಡು ಮೈಯ ಕಪ್ಪು ಕಾರ್ಬೊರಂಡಂ ಕಲ್ಲು.

ಎಸ್90ವಿಯನ್ನು 1000ದ ಮೇಲೆ ಮುಕ್ಕಾಲು ಗಂಟೆ ಉಜ್ಜಿದರೆ ನ್ಯೂಸ್‌ಪೇಪರ್ ಹೇಗೋ ಕತ್ತರಿಸುತ್ತೆ. ಅದನ್ನೇ 6000ದ ಮೇಲೆ ಆಡಿಸಿದರೆ ಅಲುಗು ಕನ್ನಡಿ ಥರ ಹೊಳೆಯುತ್ತೆ, ಆದ್ರೆ ಟೊಮೆಟೊ ಸಿಪ್ಪೆ ಮೇಲೆ ಜಾರುತ್ತೆ. ಹ್ಯಾಕ್ಸಾ ಚಾಕುವಿನದ್ದು ಉಲ್ಟಾ ಕಥೆ. ಹತ್ತು ನಿಮಿಷದಲ್ಲಿ ಹರಿತ ಬರುತ್ತೆ, ಎರಡೇ ದಿನಕ್ಕೆ ಹೋಗುತ್ತೆ. ಡೈಮಂಡ್ ಪ್ಲೇಟ್ ತಗೊಳ್ಳಲೇಬೇಕಾ? ಸಾಣೆ ಹಿಡಿಯುವವರ ಹತ್ರ ಮೆಷಿನ್‌ಗೆ ಕೊಟ್ರೆ ಆಗಲ್ವಾ?

ಟೂಲ್‌ರೂಂ ಫಿಟ್ಟರ್:
ತಪ್ಪು ನಿಮ್ಮ ಕೈಯದ್ದಲ್ಲ ಸರ್, ಕಲ್ಲಿನದ್ದು. ಎಸ್90ವಿಯಲ್ಲಿ ಇಂಗಾಲ 2.3%, ಕ್ರೋಮಿಯಂ 14%, ವನೇಡಿಯಂ 9%. ಇವು ಇಂಗಾಲದ ಜೊತೆ ಕೂಡಿ ಕಾರ್ಬೈಡ್ ಕಾಳುಗಳಾಗಿ ಸ್ಟೀಲಿನೊಳಗೆ ಕೂತಿರುತ್ತವೆ. ಒಟ್ಟು ಸ್ಟೀಲಿನಲ್ಲಿ ಹೆಚ್ಚುಕಮ್ಮಿ ಐದನೇ ಒಂದು ಪಾಲು ಈ ಕಾಳುಗಳದ್ದೇ.

ಗಡಸುತನವನ್ನು ವಿಕರ್ಸ್ ಅಳತೆಯಲ್ಲಿ ನೋಡಿ. 60 ಎಚ್‌ಆರ್‌ಸಿಗೆ (ರಾಕ್‌ವೆಲ್ ಅನ್ನೋ ಇನ್ನೊಂದು ಗಡಸುತನದ ಅಳತೆ) ಹದ ಹಾಕಿದ ಸ್ಟೀಲು ಸುಮಾರು 700. ಕ್ರೋಮಿಯಂ ಕಾರ್ಬೈಡ್ 1500ರಿಂದ 1800. ನಿಮ್ಮ ಬಿಳಿ ಕಲ್ಲು 2000ದ ಆಸುಪಾಸು, ಕಪ್ಪು ಕಾರ್ಬೊರಂಡಂ, ಅಂದ್ರೆ ಸಿಲಿಕಾನ್ ಕಾರ್ಬೈಡ್, 2500ರ ಹತ್ತಿರ. ವನೇಡಿಯಂ ಕಾರ್ಬೈಡ್ 2600ರಿಂದ 2800. ವಜ್ರ 8000 ದಾಟುತ್ತೆ. ಚಾಕುವಿನೊಳಗಿನ ವನೇಡಿಯಂ ಕಾಳೇ ನಿಮ್ಮ ಎರಡೂ ಕಲ್ಲಿಗಿಂತ ಗಟ್ಟಿ.

ಹಾಗಾದ್ರೆ 1000ದ ಮೇಲೆ ಸ್ವಲ್ಪ ಹರಿತ ಬಂದಿದ್ದು ಹೇಗೆ? ಆ ಕಲ್ಲಿನ ಕಣ ಸುಮಾರು 15 ಮೈಕ್ರಾನ್. ಈ ಪೌಡರ್ ಸ್ಟೀಲಿನ (ಲೋಹದ ಪುಡಿ ಒತ್ತಿ ಮಾಡಿದ ಸ್ಟೀಲು) ಕಾರ್ಬೈಡ್ ಕಾಳು 2–4 ಮೈಕ್ರಾನ್ ಅಷ್ಟೇ. ದೊಡ್ಡ ಕಣ ಕಾಳನ್ನು ಕತ್ತರಿಸದಿದ್ದರೂ ಸುತ್ತಲಿನ ಸ್ಟೀಲನ್ನು ಕೆರೆದು ಕಾಳನ್ನು ಬುಡಸಮೇತ ಕೀಳುತ್ತೆ. 6000ದಲ್ಲಿ ಕಣ 2–3 ಮೈಕ್ರಾನ್‌ಗೆ ಇಳಿಯುತ್ತೆ, ಹೆಚ್ಚುಕಮ್ಮಿ ಕಾಳಿನಷ್ಟೇ ಗಾತ್ರ. ಅದಕ್ಕೆ ಕೀಳೋಕೂ ಆಗಲ್ಲ, ಕತ್ತರಿಸೋಕೂ ಆಗಲ್ಲ. ಮಧ್ಯದ ಮೆತ್ತಗಿನ ಸ್ಟೀಲಷ್ಟೇ ಸವೆಯುತ್ತೆ. ಗಾರೆ ಸವೆದು ಜಲ್ಲಿ ಎದ್ದು ನಿಂತ ಕಾಂಕ್ರೀಟ್ ನೆಲ ನೋಡಿದ್ದೀರಲ್ಲ, ಹಾಗೆ. ಹೊಳಪು ಬರುತ್ತೆ, ತುದಿ ದುಂಡಗಾಗುತ್ತೆ.

ಕಲ್ಲು ಸಾಕು ಗುರು:
ಎಲ್ಲದಕ್ಕೂ ವಜ್ರ ಅಂತ ಖರ್ಚು ಮಾಡಿಸಬೇಡಿ. ಎಸ್30ವಿ ಸ್ಟೀಲಿನಲ್ಲಿ ವನೇಡಿಯಂ 4% ಮಾತ್ರ. ಅದು ಕಾರ್ಬೊರಂಡಂ ಕಲ್ಲಿಗೇ ಚೆನ್ನಾಗಿ ಹರಿತ ಆಗುತ್ತೆ. ಡಿ2 ಸ್ಟೀಲಂತೂ ಬಹುಪಾಲು ಕ್ರೋಮಿಯಂ ಕಾರ್ಬೈಡು, ಬಿಳಿ ಕಲ್ಲೂ ನಡೆಯುತ್ತೆ.

ಟೂಲ್‌ರೂಂ ಫಿಟ್ಟರ್:
ಡಿ2 ವಿಷಯ ಒಪ್ಪಿದೆ. ಎಸ್30ವಿಗೂ ಒರಟು ಹಂತದಲ್ಲಿ ಕಾರ್ಬೊರಂಡಂ ಸಾಕು, ಅಲ್ಲಿಗೇ ನಿಲ್ಲಿಸಿದರೆ ಅಡುಗೆಮನೆಗೆ ಏನೂ ಕೊರತೆಯಿಲ್ಲ. ನಯ ಮಾಡಲು ಹೊರಟಾಗಲೇ ತೊಂದರೆ ಶುರು. 9–10% ವನೇಡಿಯಂ ಇರೋ ಎಸ್90ವಿ, 10ವಿ ಇಂಥ ಸ್ಟೀಲುಗಳಿಗೆ ಮೊದಲಿಂದಲೂ ವಜ್ರವೇ ಲೇಸು.

ಅಲುಗು ಅಂಚು:
ಕೆಲಸದ ಕ್ರಮ ಹೇಳ್ತೀನಿ. ಎರಡು ಪ್ಲೇಟ್ ಸಾಕು: 325 ಮೆಷ್ (45 ಮೈಕ್ರಾನ್) ಮತ್ತು 600 ಮೆಷ್ (25 ಮೈಕ್ರಾನ್). ಡಿಎಂಟಿ ಕಂಪನಿಯ ಬಣ್ಣದ ಲೆಕ್ಕದಲ್ಲಿ ನೀಲಿ ಮತ್ತು ಕೆಂಪು. 3000 ಅಂತ ಬರೆದುಕೊಂಡು ಬರೋ ಅಗ್ಗದ ತೆಳು ಪ್ಲೇಟ್ ಬೇಡ. ಅದರಲ್ಲಿ ನಾಲ್ಕು ದಪ್ಪ ಕಣ ಸೇರಿದ್ದರೂ ಮಾಡಿದ ಕೆಲಸವೆಲ್ಲ ಗೀರು.

ಮೊದಲು ಕೋನ. ಒಂದು ಬದಿಗೆ 17 ಡಿಗ್ರಿ ಇಡಿ. 25 ಮಿ.ಮೀ. ಅಗಲಕ್ಕೆ ಬೆನ್ನಿನ ನಡುಗೆರೆ ಪ್ಲೇಟಿನಿಂದ 7.3 ಮಿ.ಮೀ. ಮೇಲಿರಬೇಕು. ಬೆನ್ನಿನ ಅರ್ಧ ದಪ್ಪ ಕಳೆದರೆ ಕೆಳಗಿನ ಸಂದು ಐದೂವರೆ ಮಿ.ಮೀ. ಚಿಲ್ಲರೆ. ಉಬ್ಬಕ್ಷರ ಇಲ್ಲದ ಎಟಿಎಂ ಕಾರ್ಡ್ ಒಂದಕ್ಕೆ 0.76 ಮಿ.ಮೀ. ದಪ್ಪ, ಏಳು ಕಾರ್ಡ್ ಜೋಡಿಸಿ ಬೆನ್ನಿನ ಕೆಳಗಿಟ್ಟು ನೋಡಿ, ಆ ಎತ್ತರ ಕೈಗೆ ಗುರುತಾದ ಮೇಲೆ ತೆಗೆದುಬಿಡಿ. 12 ಡಿಗ್ರಿಗೆ ಇಳಿಸೋ ಆಸೆ ಬೇಡ. ಇಷ್ಟು ಕಾರ್ಬೈಡ್ ಇರೋ ಸ್ಟೀಲು ತೆಳುವಾದರೆ ಬಾಗಲ್ಲ, ಚಕ್ಕೆ ಏಳುತ್ತೆ.

ಬೆವೆಲ್ (ಅಂಚಿಗೆ ಇಳಿಯೋ ಇಳಿಜಾರು) ಪೂರ್ತಿ ಪರ್ಮನೆಂಟ್ ಮಾರ್ಕರ್ ಬಳಿಯಿರಿ. ಪ್ಲೇಟಿಗೆ ನೀರು, ಒಂದು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್. ಎರಡು ಸಲ ಎಳೆದು ನೋಡಿ. ಶಾಯಿ ಮೇಲ್ಗಡೆ ಮಾತ್ರ ಹೋಗಿ ಅಂಚಿನಲ್ಲಿ ಉಳಿದಿದ್ದರೆ ಕೋನ ಕಮ್ಮಿಯಾಗಿದೆ, ಅಂಚಿನಲ್ಲಿ ಮಾತ್ರ ಹೋಗಿದ್ದರೆ ಜಾಸ್ತಿಯಾಗಿದೆ. ಒಂದೇ ಬದಿ ಉಜ್ಜುತ್ತಾ ಇರಿ, ಆಚೆ ಬದಿಗೆ ಹಿಡಿಯಿಂದ ಮೊನೆವರೆಗೂ ಬರ್ (ಅಂಚಿನಾಚೆ ಮಡಚಿ ಏಳೋ ತೆಳು ಲೋಹ) ಏಳಬೇಕು. ಮೆತ್ತನೆ ಸ್ಟೀಲಿನ ಹಾಗೆ ಉಗುರಿಗೆ ಸಿಗೋ ದಪ್ಪ ಬರ್ ಇಲ್ಲಿ ಬರಲ್ಲ. ಕಿವಿಗೆ ಹಾಕೋ ಹತ್ತಿಕಡ್ಡಿಯನ್ನು ಅಂಚಿನಿಂದಾಚೆಗೆ ಸವರಿ, ಎಳೆ ಸಿಕ್ಕಿಕೊಂಡ ಕಡೆ ಬರ್ ಇದೆ, ನುಣ್ಣಗೆ ಜಾರಿದ ಕಡೆ ಇನ್ನೂ ತಲುಪಿಲ್ಲ. ಅಲ್ಲಿವರೆಗೆ ಬದಿ ಬದಲಿಸಬೇಡಿ. ಹೆಚ್ಚಿನವರು ಎಡವೋದು ಇಲ್ಲೇ.

ಎರಡೂ ಬದಿ ಆದ ಮೇಲೆ 600ಕ್ಕೆ ಬನ್ನಿ, ಅದೇ ಕೋನ, ಗೀರು ಬದಲಾಗುವಷ್ಟು ಮಾತ್ರ. ಕೊನೆಗೆ 2 ಡಿಗ್ರಿ ಎತ್ತಿ, ಅಂಚು ಮುಂದಾಗಿ, ಚಾಕುವಿನ ತೂಕವಷ್ಟೇ ಬಿಟ್ಟು, ಬದಿಗೊಂದರಂತೆ ಅದಲುಬದಲು ಐದಾರು ಎಳೆತ. ಬರ್ ಉದುರುತ್ತೆ. ಆಮೇಲೆ ಬಾಲ್ಸಾ ಮರದ ಪಟ್ಟಿಗೆ 1 ಮೈಕ್ರಾನ್ ಡೈಮಂಡ್ ಪೇಸ್ಟ್ ಹಚ್ಚಿ, ಬೆನ್ನು ಮುಂದಾಗಿ ಬದಿಗೆ ಎಂಟು ಹತ್ತು ಸಲ. ಹಸಿರು ಪೇಸ್ಟ್ (ಕ್ರೋಮಿಯಂ ಆಕ್ಸೈಡ್) ಈ ಸ್ಟೀಲಿಗೆ ಹೆಚ್ಚೇನೂ ಮಾಡಲ್ಲ. ಮೆತ್ತನೆ ಚರ್ಮದ ಮೇಲೆ ಒತ್ತಿ ಎಳೆದರೆ ಚರ್ಮ ತಗ್ಗಿ ಅಂಚಿಗೆ ಸುತ್ತಿಕೊಂಡು ಮತ್ತೆ ದುಂಡಗೆ ಮಾಡುತ್ತೆ.

ಟೊಮೆಟೊ, ಹಗ್ಗ, ರಟ್ಟು ಕತ್ತರಿಸೋಕೆ 600ರ ಆಚೆ ಹೋಗೋ ಅಗತ್ಯವಿಲ್ಲ. ಆ ಸಣ್ಣ ಹಲ್ಲುಗಳೇ ಸಿಪ್ಪೆಯನ್ನು ಕಚ್ಚೋದು.

ಟೂಲ್‌ರೂಂ ಫಿಟ್ಟರ್:
ಹ್ಯಾಕ್ಸಾ ಚಾಕುವಿಗೆ ಒಂದು ಪರೀಕ್ಷೆ. ಹೊಸ ಅರ ತಗೊಂಡು ಅಂಚಿನ ಹತ್ತಿರ ಒಮ್ಮೆ, ಬೆನ್ನಿಗೆ ಒಮ್ಮೆ ಹಗುರವಾಗಿ ಎಳೆದು ನೋಡಿ.

ಮೊಂಡುಬಾಯಿ:
ಎರಡೂ ಕಡೆ ಅರ ಕಚ್ಚುತ್ತಿದೆ. ಪುಡಿಯೂ ಬಂತು.

ಟೂಲ್‌ರೂಂ ಫಿಟ್ಟರ್:
ಹಾಗಿದ್ರೆ ಬಹುಶಃ ಅದು ಬೈಮೆಟಲ್ ಬ್ಲೇಡು. ಪೂರ್ತಿ ಹೈಸ್ಪೀಡ್ ಸ್ಟೀಲಿನದ್ದಾಗಿದ್ದರೆ 62–64 ಎಚ್‌ಆರ್‌ಸಿ ಇರುತ್ತೆ, ಅರ ಜಾರುತ್ತೆ. ಬೈಮೆಟಲ್‌ನಲ್ಲಿ ಹಲ್ಲಿನ ಪಟ್ಟಿ ಮಾತ್ರ ಹೈಸ್ಪೀಡ್, ಉಳಿದಿದ್ದು ಮುರಿಯದಿರಲಿ ಅಂತ ಹಾಕಿದ ಮೆತ್ತನೆ ಸ್ಪ್ರಿಂಗ್ ಸ್ಟೀಲು. ಮಾಡಿದವರು ಹಲ್ಲು ಉಜ್ಜಿ ಅಂಚು ತೆಗೆಯುವಾಗ ಗಟ್ಟಿ ಸ್ಟೀಲನ್ನೇ ಪುಡಿ ಮಾಡಿ ಚೆಲ್ಲಿರುತ್ತಾರೆ. ಅದಕ್ಕೆ ವಜ್ರ ಬಳಸೋದು ದಂಡ, ನಿಮ್ಮ 1000ದ ಕಲ್ಲೇ ಸರಿ. ಮತ್ತೆ ಮಾಡಿಸೋದಾದರೆ ಬಣ್ಣ ನೋಡಿ ನಂಬಬೇಡಿ, ಅರ ಹಾಕಿಯೇ ಬ್ಲೇಡ್ ಕೊಡಿ.

ಸಾಣೆ ಮೆಷಿನ್ ವಿಷಯ. ನಿಜವಾದ ಎಂ2 ಹೈಸ್ಪೀಡ್ ಸ್ಟೀಲಿಗೆ ಸುಮಾರು 550 ಡಿಗ್ರಿಯಲ್ಲಿ ಟೆಂಪರ್ (ಗಟ್ಟಿ ಮಾಡಿದ ಮೇಲೆ ಮತ್ತೆ ಬಿಸಿ ಮಾಡೋದು) ಮಾಡಿರುತ್ತಾರೆ. ಚಕ್ರದ ಮೇಲೆ ಸ್ವಲ್ಪ ನೀಲಿಯಾದರೂ ಗಡಸುತನ ಹೋಗಲ್ಲ. ಸ್ಟೇನ್‌ಲೆಸ್ ಚಾಕುಗಳಿಗೆ ಸಾಮಾನ್ಯವಾಗಿ 200 ಡಿಗ್ರಿ ಆಸುಪಾಸಿನ ಟೆಂಪರ್. ಒಣ ಚಕ್ರಕ್ಕೆ ಹಿಡಿದರೆ ಅಂಚಿನ ಕೂದಲೆಳೆಯಷ್ಟು ಭಾಗ ಒಂದೇ ಕ್ಷಣದಲ್ಲಿ ಅದನ್ನು ದಾಟುತ್ತೆ, ಬಣ್ಣ ಕಣ್ಣಿಗೆ ಕಾಣೋದೂ ಇಲ್ಲ. ಮಧ್ಯೆ ಮಧ್ಯೆ ನೀರಿಗೆ ಅದ್ದಿದರೆ ಅಲುಗು ತಣ್ಣಗಾಗುತ್ತೆ, ಅಷ್ಟರಲ್ಲಿ ಅಂಚು ಮೆತ್ತಗಾಗಿ ಆಗಿರುತ್ತೆ. ಹೊಸ ಚಾಕುವಿನ ಫ್ಯಾಕ್ಟರಿ ಅಂಚು ಬೇಗ ಹೋಗಿ, ಎರಡು ಮೂರು ಸಲ ಕೈಯಲ್ಲಿ ಮಸೆದ ಮೇಲೆ ನಿಲ್ಲೋಕೆ ಶುರುವಾಗೋದಕ್ಕೂ ಎಷ್ಟೋ ಸಲ ಇದೇ ಕಾರಣ. ಎಸ್90ವಿಯನ್ನು ಚಕ್ರಕ್ಕೆ ಕೊಡಬೇಡಿ.

ಅಲುಗು ಅಂಚು:
ಪ್ಲೇಟ್ ಬಗ್ಗೆ ಬಿಟ್ಟುಹೋಗಿತ್ತು. ಹೊಸದರಲ್ಲಿ ಎದ್ದು ನಿಂತ ಕಣಗಳಿರುತ್ತವೆ, ಮೊದಲ ಮೂರು ನಾಲ್ಕು ಸಲ ಗೀರು ಒರಟಾಗೇ ಬರುತ್ತೆ. ಅದು ಪ್ಲೇಟಿನ ದೋಷ ಅಲ್ಲ, ಆ ಸರದಿಗೆ ಹಳೇ ಚಾಕು ಹಾಕಿ. ಒತ್ತಿ ಉಜ್ಜಬೇಡಿ, ವಜ್ರ ನಿಕ್ಕಲ್ ಲೇಪದಿಂದ ಕಿತ್ತು ಬರುತ್ತೆ. ವಾಟರ್‌ಸ್ಟೋನ್ ಸಮ ಮಾಡೋಕೆ ಇದೇ ಪ್ಲೇಟ್ ಬಳಸಬೇಡಿ, ಆ ಕಲ್ಲಿನ ಕೆಸರು ಲೇಪವನ್ನೇ ತಿನ್ನುತ್ತೆ. ಕೆಲಸ ಮುಗಿದ ಮೇಲೆ ಹಳೇ ಬ್ರಷ್‌ನಲ್ಲಿ ತೊಳೆದು ನಿಲ್ಲಿಸಿ ಒಣಗಿಸಿ.

ಮೊಂಡುಬಾಯಿ:
45 ಮತ್ತು 25 ಮೈಕ್ರಾನ್ ತರಿಸ್ತೀನಿ. ಅಲ್ಲಿವರೆಗೆ 6000ದ ಮೈ ಮುಟ್ಟಲ್ಲ.